ಗೃಹ ಸಚಿವರಿಗೆ ದರ್ಶಿನಿ ಮಾಲೀಕನೊಬ್ಬನ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ನಾನು ಬೆಂಗಳೂರಿನಲ್ಲಿ ಒಂದು ಸಣ್ಣ ದರ್ಶಿನಿ ನಡೆಸುತ್ತೇನೆ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದದ್ದು ನಮ್ಮ ಕಸುಬಿನವರ ನಿದ್ದೆ ಕೆಡಿಸಿದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ನಮ್ಮ ಹೋಟೆಲಿನ ಹುಡುಗರಿಗೆ, ಅಕ್ಕಪಕ್ಕದವರಿಗೆ ತರಬೇತಿ ಕೊಡಿಸಿ ಎಂದು ಕೇಳಲು ಈ ಪತ್ರ. ಟೋಪಿ, ಮಾಸ್ಕ್ ಹಾಕಿದ್ದ ಆಸಾಮಿ ಎಲ್ಲರಂತೆ ರವೆ ಇಡ್ಲಿಗೆ ಕೂಪನ್ ತಗೊಂಡ, ಕೈ ತೊಳೆಯುವ ಜಾಗದ ಹತ್ತಿರ ಬ್ಯಾಗ್ ಇಟ್ಟು ಹೋದ. ಅದು ಸಿಡಿಯುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಹತ್ತಿರದ ಜನ ಮೊದಲು ಸಿಲಿಂಡರ್ ಇರಬೇಕು ಅಂದುಕೊಂಡರಂತೆ. ನಮ್ಮಲ್ಲಾಗಿದ್ದರೂ ಅಷ್ಟೇ. ಮಧ್ಯಾಹ್ನದ ರಶ್ಶಿನಲ್ಲಿ ಕ್ಲೀನರ್ ಹುಡುಗನಿಗೆ ತಟ್ಟೆ ಎತ್ತುವುದರಲ್ಲೇ ಸಾಕಾಗಿರುತ್ತದೆ. ಬ್ಯಾಗ್ ಕಂಡರೂ ಯಾರೋ ಕೈ ತೊಳೆಯುತ್ತಿದ್ದಾರೆ ಅಂತ ಸುಮ್ಮನಾಗುತ್ತಾನೆ.

ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ 2017ರಿಂದಲೇ ಕಾಯ್ದೆ ಇದೆ. ಹಾಕಿಸಿದ್ದೇವೆ. ಅದರಿಂದ ಉಪಯೋಗವಿಲ್ಲ ಅಂತ ಹೇಳುವುದಿಲ್ಲ. ಆ ಪ್ರಕರಣದಲ್ಲಿ ಮುಖ್ಯ ಆರೋಪಿಗಳಿಬ್ಬರು ಮರುತಿಂಗಳೇ ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು. ಆದರೆ ರಕ್ತ ಸುರಿಯುತ್ತಾ ಬಿದ್ದವನಿಗೆ ಕ್ಯಾಮೆರಾ ಏನು ಮಾಡೀತು? ಕೈಕಾಲಿನ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. 112ಕ್ಕೋ 108ಕ್ಕೋ ಫೋನ್ ಹೋಗಿ, ಆಂಬುಲೆನ್ಸ್ ಈ ಟ್ರಾಫಿಕ್ ದಾಟಿ ಬರುವವರೆಗೆ ಅಲ್ಲಿರುವುದು ನನ್ನ ಸಪ್ಲೈಯರ್, ಎದುರಿನ ಹೂವಿನವಳು, ಸ್ಟ್ಯಾಂಡಿನ ಆಟೋದವರು. 2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದು ಮೂವರು ಅಲ್ಲೇ ತೀರಿಕೊಂಡರು, ಕೆಲವರ ಕಾಲೇ ಹೋಯಿತು. ಆದರೂ ಆಸ್ಪತ್ರೆ ಮುಟ್ಟಿದ ಒಬ್ಬರೂ ಸಾಯಲಿಲ್ಲ. ಪಕ್ಕದಲ್ಲಿದ್ದವರು ಬೆಲ್ಟು, ಬಟ್ಟೆ ಸಿಕ್ಕಿದ್ದರಲ್ಲಿ ಗಾಯದ ಮೇಲ್ಭಾಗ ಬಿಗಿದು ಕಟ್ಟಿದ್ದರು. ನನ್ನ ಹೋಟೆಲಿನ ಪ್ರಥಮ ಚಿಕಿತ್ಸೆ ಡಬ್ಬಿ ತೆಗೆದರೆ ಬರ್ನಾಲ್, ಬ್ಯಾಂಡ್ ಏಡ್, ಎರಡು ಸುತ್ತು ಗಾಜ್ ಬಟ್ಟೆ. ದೋಸೆ ಕಾವಲಿ ತಗುಲಿ ಕೈ ಸುಟ್ಟುಕೊಂಡವನಿಗೆ ಸಾಕು.

ಇನ್ನೊಂದು ಭಯ ಜನಜಂಗುಳಿಯದ್ದು. ನಮ್ಮೂರಲ್ಲಿ ಏನೇ ಸದ್ದಾದರೂ ನಿಮಿಷದಲ್ಲಿ ಮೊಬೈಲ್ ಹಿಡಿದು ನೂರು ಜನ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟವಾಯಿತಲ್ಲ, ಅದರ ಮರುದಿನ ಅಹಮದಾಬಾದಿನಲ್ಲೂ ಆಯಿತು. ಅಲ್ಲಿ ಗಾಯಾಳುಗಳನ್ನು ಕರೆತರುತ್ತಿದ್ದ ಸಿವಿಲ್ ಆಸ್ಪತ್ರೆಯಲ್ಲೇ ಮತ್ತೆ ಬಾಂಬ್ ಸಿಡಿಯಿತು. ಒಂದು ಸಿಡಿದ ಮೇಲೆ ಇನ್ನೊಂದು ಇರಬಹುದು ಎಂದು ನಮ್ಮ ಜನಕ್ಕೆ ಯಾರು ಹೇಳಿದ್ದಾರೆ? ಹಿಂದೆ ಸರಿಯಿರಿ, ಆಂಬುಲೆನ್ಸಿಗೆ ದಾರಿ ಬಿಡಿ ಎಂದು ಪೊಲೀಸರು ಬರುವ ಮುಂಚೆ ಕೂಗುವವರು ಯಾರು? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಬಾಂಬೂ ಇರಲಿಲ್ಲ, ಶತ್ರುವೂ ಇರಲಿಲ್ಲ. ಬರೀ ನೂಕುನುಗ್ಗಲಿಗೆ 11 ಜನ ಹೋದರು.

ಅದಕ್ಕೆ ತಿಂಗಳ ಹಿಂದೆ, ಮೇ 7ರಂದು, ದೇಶದಾದ್ಯಂತ ಪೌರರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ಸೈರನ್ ಊದಿದ್ದು, ಸ್ಟ್ರೆಚರ್ ಹೊತ್ತದ್ದು ಟಿವಿಯಲ್ಲಿ ಚೆನ್ನಾಗಿಯೇ ಬಂತು. ಅಲ್ಲಿ ಓಡಾಡಿದವರೆಲ್ಲ ಮೊದಲೇ ಕಲಿತವರು. ನನ್ನ ಅಡುಗೆಮನೆಯಲ್ಲಿರುವ ಒಡಿಶಾದ, ಅಸ್ಸಾಮಿನ ಹುಡುಗರಿಗೆ ಗ್ಯಾಸ್ ಲೈನಿನ ಮೇನ್ ವಾಲ್ವ್ ಎಲ್ಲಿದೆ ಅಂತ ತೋರಿಸಿದ್ದು ನಾನು. ಉಳಿದದ್ದು ನನಗೇ ಗೊತ್ತಿಲ್ಲ. ಮುಂದಿನ ಸಲ ಅಣಕು ಕಾರ್ಯಾಚರಣೆಯನ್ನು ಮೆಜೆಸ್ಟಿಕ್‌ನಲ್ಲೋ, ಕೆ.ಆರ್. ಮಾರ್ಕೆಟ್‌ನಲ್ಲೋ, ಯಾವುದಾದರೂ ಹೋಟೆಲಿನಲ್ಲೋ ಮಾಡಿಸಿ. ಹತ್ತಿರದ ಆಸ್ಪತ್ರೆ, ಅಗ್ನಿಶಾಮಕದವರು, ಠಾಣೆ ಮೂವರೂ ಇರಲಿ. ಆಸ್ಪತ್ರೆಗೆ ಸುದ್ದಿ ಎಷ್ಟು ಹೊತ್ತಿಗೆ ಮುಟ್ಟಿತು, ಯಾರು ಮುಟ್ಟಿಸಿದರು ಅಂತ ಬರೆದಿಡಲಿ. ಎಡವಟ್ಟಾದರೆ ಅದನ್ನೂ ಮುಚ್ಚಿಡದೆ ಹೇಳಲಿ.

ತರಬೇತಿ ಕೊಡುವವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ ಕಳಿಸಿ: ಬ್ಯಾಗ್ ನೋಡುವುದನ್ನು ಕಲಿಸಬೇಕು, ಗಡ್ಡ, ಬುರ್ಖಾ, ಹೆಸರು ನೋಡುವುದನ್ನಲ್ಲ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೋದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ ಅದನ್ನು ಹಿಡಿದು ಕೂತವನ ಹತ್ತಿರ ಇದ್ದದ್ದು ಬೇರೆ ಧರ್ಮದವರೊಬ್ಬರ ಆಧಾರ್ ಕಾರ್ಡ್. ಹೆಸರು ನೋಡಿ ನಂಬುವವನೂ ಮೋಸ ಹೋಗುತ್ತಾನೆ, ಹೆಸರು ನೋಡಿ ಅನುಮಾನಿಸುವವನೂ ಮೋಸ ಹೋಗುತ್ತಾನೆ. ಮೇಲಾಗಿ ನನ್ನ ಗಿರಾಕಿಗಳನ್ನು ನನ್ನ ಹುಡುಗರು ದುರುಗುಟ್ಟಿ ನೋಡುವುದು ನನಗೆ ಬೇಡ.

ಹೊಸ ಲೈಸೆನ್ಸು, ಹೊಸ ಶುಲ್ಕ ಮಾಡಿ ಇದನ್ನು ಇನ್‌ಸ್ಪೆಕ್ಟರುಗಳ ಕೈಗೆ ಕೊಡಬೇಡಿ, ದಮ್ಮಯ್ಯ. ಗೃಹರಕ್ಷಕ ದಳ, ಪೌರರಕ್ಷಣಾ ದಳ ನಿಮ್ಮ ಬಳಿಯೇ ಇವೆ. ವಾರ್ಡಿಗೆ ಇಬ್ಬರನ್ನು ಕಳಿಸಿ, ಹಿಂದಿ ಬಲ್ಲವರಾದರೆ ಒಳ್ಳೆಯದು. ಮಧ್ಯಾಹ್ನ 3ರಿಂದ 4 ನಮ್ಮಲ್ಲಿ ಗಿರಾಕಿ ಕಡಿಮೆ. ಬೆಂಚು ಸರಿಸಿ ಜಾಗ ಮಾಡಿಕೊಡುತ್ತೇನೆ, ಅಕ್ಕಪಕ್ಕದ ಬೇಕರಿ, ಮೆಡಿಕಲ್ ಶಾಪಿನವರನ್ನೂ ಕರೆಯುತ್ತೇನೆ. ಕಾಫಿ ನನ್ನದು.

ಇತಿ,
ಬೆಂಗಳೂರಿನ ಒಬ್ಬ ದರ್ಶಿನಿ ಮಾಲೀಕ