ಕ್ಯಾಲರಿ ಗೆರೆ ಮತ್ತು ದುಬೈಗೆ ಹೋದವರು

ಸಂಪಾದಕರಿಗೆ,

ಮಾನ್ಯರೇ,

ಈಚೆಗೆ ನಿಮ್ಮ ಪುರವಣಿಯಲ್ಲಿ ಭಾರತ ಮತ್ತು ಯುಎಇಯನ್ನು ಅಕ್ಕಪಕ್ಕ ಇಟ್ಟು ಒಂದು ರೇಖಾಚಿತ್ರ ಹಾಕಿದ್ದಿರಿ. ಒಬ್ಬರಿಗೆ ದಿನಕ್ಕೆ ಸರಾಸರಿ ಎಷ್ಟು ಕ್ಯಾಲರಿ ಬೇಕು, ವರ್ಷದಿಂದ ವರ್ಷಕ್ಕೆ ಅದು ಹೇಗೆ ಬದಲಾಗಿದೆ ಅಂತ ತೋರಿಸುವ ಚಿತ್ರ. ಯುಎಇ ಗೆರೆ ಮೇಲೆ, ನಮ್ಮದು ಕೆಳಗೆ. ಶ್ರೀಮಂತ ದೇಶದವರ ಊಟವೂ ದೊಡ್ಡದು ಅನ್ನುವ ಧಾಟಿಯ ಅಡಿಬರಹ ಬೇರೆ. ಗೆರೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಅಡಿಬರಹದ ಬಗ್ಗೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಸರಾಸರಿ ಲೆಕ್ಕ ಹಾಕುವಾಗ ಯಾರ ತಟ್ಟೆಯನ್ನೂ ಇಣುಕಿ ನೋಡುವುದಿಲ್ಲ. ದೇಶದಲ್ಲಿ ಮಕ್ಕಳೆಷ್ಟು, ಹೆಂಗಸರೆಷ್ಟು, ಗಂಡಸರೆಷ್ಟು, ವಯಸ್ಸಾದವರೆಷ್ಟು, ಅವರ ಎತ್ತರ ಎಷ್ಟು ಅಂತ ನೋಡುತ್ತದೆ. ತೂಕವನ್ನು ಕೂಡ ಎತ್ತರಕ್ಕೆ ತಕ್ಕ ಆರೋಗ್ಯಕರ ತೂಕ ಅಂತಲೇ ಹಿಡಿಯುತ್ತದೆ. ಹಾಗಾಗಿ ಕೊಲ್ಲಿಯಲ್ಲಿ ಬೊಜ್ಜು ಜಾಸ್ತಿ, ಅದಕ್ಕೇ ಗೆರೆ ಮೇಲಿದೆ ಅನ್ನುವ ಮಾತೂ ನಿಲ್ಲುವುದಿಲ್ಲ.

ನಮ್ಮ ಕಡೆಯ ಒಂದು ಮನೆಯನ್ನೇ ತೆಗೆದುಕೊಳ್ಳಿ. ಗಂಡ, ಬೀಡಿ ಕಟ್ಟುವ ಹೆಂಡತಿ, 8 ಮತ್ತು 5 ವರ್ಷದ ಎರಡು ಮಕ್ಕಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಮಧ್ಯಮ ದುಡಿಮೆಯ ಗಂಡಸಿಗೆ ದಿನಕ್ಕೆ 2710 ಕಿಲೋಕ್ಯಾಲರಿ (ಮಾತಿನಲ್ಲಿ ನಾವು ಬರೀ ಕ್ಯಾಲರಿ ಅನ್ನುವುದು ಇದನ್ನೇ), ಕೂತು ಕೆಲಸ ಮಾಡುವ ಹೆಂಗಸಿಗೆ 1660, ಮಕ್ಕಳಿಗೆ 1700 ಮತ್ತು 1360 ಬೇಕು. ನಾಲ್ವರ ಸರಾಸರಿ ಸುಮಾರು 1860. ಗಂಡ ವೀಸಾ ಸಿಕ್ಕಿ ದುಬೈಗೆ ಹೋದ ಅಂತಿಟ್ಟುಕೊಳ್ಳಿ. ಉಳಿದ ಮೂವರ ಸರಾಸರಿ 1570ರ ಆಸುಪಾಸಿಗೆ ಇಳಿಯುತ್ತದೆ. ಮನೆಯಲ್ಲಿ ಯಾರೂ ಒಂದು ತುತ್ತು ಕಡಿಮೆ ಉಂಡಿಲ್ಲ! ಅತ್ತ ಅವನು ಸೇರಿಕೊಂಡ ರೂಮಿನಲ್ಲಿ ಎಲ್ಲರೂ ಅವನಂಥವರೇ. ಆ ರೂಮಿನ ಸರಾಸರಿ 2710.

ಯುಎಇ ಅಂದರೆ ಹೆಚ್ಚುಕಡಿಮೆ ಇಂಥ ರೂಮುಗಳ ದೇಶ. 1975ರಲ್ಲಿ ಅಲ್ಲಿದ್ದವರು ಸುಮಾರು ಐದೂವರೆ ಲಕ್ಷ ಜನ. ಈಗ ಒಂದು ಕೋಟಿಗೂ ಜಾಸ್ತಿ. ಬೆಳೆದದ್ದು ಮುಖ್ಯವಾಗಿ ಹೊರಗಿನಿಂದ ದುಡಿಯಲು ಹೋದವರಿಂದ. ಅಲ್ಲಿ ಗಂಡಸರ ಸಂಖ್ಯೆ ಹೆಂಗಸರ ಎರಡು ಪಟ್ಟಿಗೆ ಹತ್ತಿರವಿದೆ. ಇತ್ತ 2011ರ ಜನಗಣತಿ ತೆಗೆದು ನೋಡಿ. ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1020. ಭಾಷಣಗಳಲ್ಲಿ ಇದನ್ನು ನಮ್ಮ ಹೆಮ್ಮೆಯ ಅಂಕಿ ಅನ್ನುತ್ತಾರೆ. ಮುಂಬೈಗೂ ಕೊಲ್ಲಿಗೂ ಹೋದವರ ಪಾಲು ಅದರಲ್ಲಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಉಡುಪಿಗೆ ಬೇರೆ ಗೆರೆ ಎಳೆದರೆ, ಯುಎಇಯಲ್ಲಿ ಗೆರೆಯನ್ನು ಎತ್ತಿದವರೇ ಇಲ್ಲಿ ಅದನ್ನು ಇಳಿಸಿದವರು.

ಭಾರತದ ಗೆರೆ ನಿಧಾನವಾಗಿ ಏರಿದ್ದಕ್ಕೂ ದೊಡ್ಡ ಕಾರಣ ಇದೇ ಥರದ್ದು. 1970ರ ಹೊತ್ತಿಗೆ ಒಬ್ಬ ತಾಯಿಗೆ ಸರಾಸರಿ ಐದಕ್ಕಿಂತ ಜಾಸ್ತಿ ಮಕ್ಕಳು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎರಡು. ಮಕ್ಕಳ ಪಾಲು ಇಳಿದು ದೊಡ್ಡವರ ಪಾಲು ಏರಿತು, ಸರಾಸರಿಯೂ ಏರಿತು. ತಮಾಷೆ ಅಂದರೆ, ಅದೇ ಕಾಲದಲ್ಲಿ ಹಳ್ಳಿಗಳಲ್ಲಿ ಜನ ನಿಜವಾಗಿ ತಿನ್ನುವ ಕ್ಯಾಲರಿ ಇಳಿದಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 1983ರಲ್ಲಿ ತಲೆಗೆ ದಿನಕ್ಕೆ 2240 ಇದ್ದದ್ದು 2004–05ರಲ್ಲಿ 2047 ಆಯಿತು. ಅರ್ಥಶಾಸ್ತ್ರಜ್ಞರಾದ ಆಂಗಸ್ ಡೀಟನ್ ಮತ್ತು ಜಾನ್ ಡ್ರೇಜ್ 2009ರಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಮೈಮುರಿಯುವ ಕೆಲಸ ಕಡಿಮೆಯಾಗಿರಬಹುದು, ನೀರು ಮತ್ತು ಆರೋಗ್ಯ ಸುಧಾರಿಸಿರಬಹುದು ಅಂದರು. ಬಡತನವೇ ಕಾರಣ ಅನ್ನುವವರೂ ಇದ್ದಾರೆ. ನಮ್ಮ ಊರಿನ ಮಟ್ಟಿಗೆ ಮೊದಲನೆಯದು ನನಗೆ ಒಪ್ಪಿಗೆ. ಬಾವಿಗೆ ಮೋಟಾರು ಬಂತು, ಕಡೆಯುವ ಕಲ್ಲಿನ ಜಾಗಕ್ಕೆ ಮಿಕ್ಸಿ ಬಂತು, ಎಷ್ಟೋ ಗದ್ದೆಗಳಲ್ಲಿ ನೇಜಿ (ಭತ್ತದ ಸಸಿ) ನೆಡುವುದೂ ಯಂತ್ರವೇ.

ಆದರೆ ಈ ಬದಲಾವಣೆ ನಿಮ್ಮ ಚಿತ್ರದಲ್ಲಿ ಕಾಣುವುದೇ ಇಲ್ಲ. ಯಾಕೆಂದರೆ ದುಡಿಮೆಯ ಮಟ್ಟವನ್ನು ಎಲ್ಲ ದೇಶಕ್ಕೂ ಒಂದೇ ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ದುಬೈ ಬಿಸಿಲಲ್ಲಿ ಸಿಮೆಂಟು ಹೊರುವವನೂ ಎಸಿ ಆಫೀಸಿನಲ್ಲಿ ಕೂತವನೂ ಆ ಲೆಕ್ಕದಲ್ಲಿ ಸಮ. ಐಸಿಎಂಆರ್ ಅಂಕಿಯಲ್ಲಿ ಕೂತು ಕೆಲಸ ಮಾಡುವವನಿಗೆ 2110, ಭಾರಿ ದುಡಿಮೆಯವನಿಗೆ 3470. ಇದೇನು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಇಷ್ಟು ಉದ್ದ ಬರೆಯಲು ಒಂದು ಕಾರಣ ಇದೆ. ನಮ್ಮ ಗೆರೆ ಕೆಳಗಿದೆ ಅಂತ ತೋರಿಸಿ, ನಮ್ಮ ಜನಕ್ಕೆ ಇಷ್ಟು ಸಾಕು ಅಂತ ವಾದ ಹೂಡುವವರು ನಾಳೆ ಹುಟ್ಟಿಕೊಳ್ಳುತ್ತಾರೆ. ಶಾಲೆಯ ಬಿಸಿಯೂಟಕ್ಕೆ 5ನೇ ತರಗತಿವರೆಗೆ 450, ಅದರಾಚೆ 700 ಕಿಲೋಕ್ಯಾಲರಿ ಅಂತ ನಿಗದಿ ಮಾಡಿದ್ದು ಮಕ್ಕಳ ವಯಸ್ಸು ನೋಡಿ, ದೇಶದ ಸರಾಸರಿ ನೋಡಿ ಅಲ್ಲ.

ಮುಂದಿನ ಸಲ ಇಂಥ ಚಿತ್ರ ಹಾಕುವಾಗ ಎರಡೂ ದೇಶಗಳ ವಯಸ್ಸು ಮತ್ತು ಗಂಡು–ಹೆಣ್ಣಿನ ಲೆಕ್ಕವನ್ನೂ ಪಕ್ಕದಲ್ಲಿ ಹಾಕಿ. ಜಾಗ ಸಾಲದಿದ್ದರೆ ಅಡಿಬರಹವನ್ನಾದರೂ ಬಿಟ್ಟುಬಿಡಿ.

ಇಂತಿ,
ನಿಮ್ಮ ಓದುಗ,
ಕಾಪು, ಉಡುಪಿ ಜಿಲ್ಲೆ