ಗುಡ್ಡದ ಕಾಲುದಾರಿಗೆ ಗುರುತು ಬೇಕು, ನೀರು ಬೇಕು

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರಿನಲ್ಲಿ ನನ್ನ ತಮ್ಮನ ಇಬ್ಬರು ಮಕ್ಕಳನ್ನು ಕರೆದುಕೊಂಡು ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹೋಗಿದ್ದೆ. ಮೇಲಿನ ಶಿಲಾಸಮಾಧಿಗಳನ್ನೂ ಬಡಿದರೆ ನಗಾರಿಯಂತೆ ಮೊಳಗುವ ನಗಾರಿ ಗುಂಡನ್ನೂ ತೋರಿಸಿ ಇಳಿಯುವಾಗ, ಎರಡು ಬಂಡೆಗಳ ನಡುವೆ ಕವಲೊಡೆದ ಕಾಲುದಾರಿಯಲ್ಲಿ ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೊರಳಿದೆವು. ಮುಳ್ಳುಕಂಟಿಯ ನಡುವೆ ಎರಡು ತಾಸು ಅಲೆದೆವು, ತಂದಿದ್ದ ನೀರೂ ಮುಗಿಯಿತು. ಹೊತ್ತು ಮುಳುಗುವ ಮುನ್ನ ಒಬ್ಬ ಕುರಿಗಾಹಿ ಕಣ್ಣಿಗೆ ಬೀಳದಿದ್ದರೆ ಚಿರತೆ, ಕರಡಿ ತಿರುಗಾಡುವ ಆ ಗುಡ್ಡದಲ್ಲೇ ರಾತ್ರಿ ಕಳೆಯಬೇಕಾಗುತ್ತಿತ್ತು. ಊರಿನಲ್ಲಿ ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯದೆ ಹೋದದ್ದು ನನ್ನ ತಪ್ಪು. ಆದರೆ ಸುಮಾರು 400 ಸಮಾಧಿಗಳಿರುವ, 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣದಿಂದ ಇಳಿಯುವ ಆ ಕವಲಿನಲ್ಲಿ ಒಂದು ಬಾಣದ ಗುರುತೂ ಇರಲಿಲ್ಲ ಎಂಬುದನ್ನು ಹೇಳದೆ ಇರಲಾರೆ.

ನಡಿಗೆ ನನಗೆ ಹೊಸದಲ್ಲ. ಯುಗಾದಿಯ ಹೊತ್ತಿಗೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ಹೊರಡುವ ಸಾವಿರಾರು ಪಾದಯಾತ್ರಿಕರೊಂದಿಗೆ ಗಂಗಾವತಿಯಿಂದ ಸಿರುಗುಪ್ಪ, ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರುಗಳ ಮೇಲೆ ಹಾದು, ನಲ್ಲಮಲದ ಕಾಡು ಹೊಕ್ಕು ಮಲ್ಲಯ್ಯನ ಸನ್ನಿಧಿ ಮುಟ್ಟುವ ದಾರಿಯನ್ನು ಆರು ಬಾರಿ ನಡೆದಿದ್ದೇನೆ. ಒಂದು ದಿನ ಗುಡ್ಡ ಹತ್ತಿ ಇಳಿದು ಮನೆಗೆ ಬಂದು ಮಲಗುವುದು ಬೇರೆ, ಹತ್ತು ಹನ್ನೊಂದು ದಿನ ಬೆನ್ನಿನ ಗಂಟು ಇಳಿಸದೆ ನಡೆಯುವುದು ಬೇರೆ. ಚಾರಣದ ಚೆಂದದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಹೊರಡುತ್ತಿರುವ ನಮ್ಮ ಯುವಕರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಮೊದಲ ದಿನ ಎಲ್ಲರೂ ಹುರುಪಿನಲ್ಲಿರುತ್ತಾರೆ. ಅಂದು ಅವಸರ ಮಾಡಿದವರೇ ಮೂರನೆಯ ದಿನ ರಸ್ತೆಯಂಚಿನಲ್ಲಿ ಕುಳಿತಿರುತ್ತಾರೆ. ಹಿಮ್ಮಡಿಯಲ್ಲಿ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಏಳುವುದು ಆಗಲೇ. ಯಾತ್ರೆಗೆಂದೇ ಕೊಂಡ ಹೊಸ ಬೂಟು ಇದಕ್ಕೆ ಮೊದಲ ಕಾರಣ, ಬೆವರಿನಲ್ಲಿ ನೆನೆದ ಕಾಲುಚೀಲ ಎರಡನೆಯದು. ಉರಿ ಶುರುವಾದ ಕೂಡಲೇ ನಿಂತು, ಪಾದ ಒಣಗಿಸಿ, ಆ ಜಾಗಕ್ಕೆ ಪಟ್ಟಿ ಅಂಟಿಸಿಕೊಂಡವನು ಮುಂದೆ ಹೋಗುತ್ತಾನೆ. ಇನ್ನೊಂದು ಮೈಲಿ ನೋಡೋಣ ಎಂದವನು ಎರಡು ದಿನ ಕಳೆದುಕೊಳ್ಳುತ್ತಾನೆ. ತೊಡೆಸಂದಿಯ ಉಜ್ಜುಗಾಯದ ಬಗ್ಗೆ ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ, ಆದರೆ ಅದರಿಂದಲೇ ನಡಿಗೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೆ ಸಾಕಿತ್ತು. ಏರಿನಲ್ಲಿ ಉಸಿರು ಕಷ್ಟ ಕೊಟ್ಟರೆ ಇಳಿತದಲ್ಲಿ ಮೊಣಕಾಲು ಕೊಡುತ್ತದೆ, ಬೂಟಿನ ಮುಂತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಬರೀ ನೀರು ಕುಡಿದರೆ ಸಾಲದು, ಬೆವರಿನೊಡನೆ ಹೋದ ಉಪ್ಪೂ ಮರಳಿ ಸೇರಬೇಕು. ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕೊಡುವ ತಾಯಂದಿರಿಗೆ ಈ ಲೆಕ್ಕ ಯಾರೂ ಹೇಳಿಕೊಡದೆಯೇ ಗೊತ್ತಿದೆ.

ಮೈಗಿಂತ ಮನಸ್ಸಿನ ಏರಿಳಿತ ದೊಡ್ಡದು. ನಾಲ್ಕನೆಯದೋ ಐದನೆಯದೋ ದಿನ ಮಧ್ಯಾಹ್ನ, ಆದೋನಿ ದಾಟಿದ ಮೇಲಿನ ಬಯಲಿನಲ್ಲಿ, ಪಕ್ಕದಲ್ಲೇ ಹಾದುಹೋಗುವ ಬಸ್ಸಿಗೆ ಕೈ ಮಾಡಬೇಕೆನ್ನಿಸುತ್ತದೆ. ಮನೆ, ಮಕ್ಕಳು, ಹಾಸಿಗೆ ನೆನಪಾಗಿ ಕಣ್ಣು ತುಂಬುತ್ತದೆ. ಅದೇ ಮನುಷ್ಯ ಮರುದಿನ ನಸುಕಿನ ತಂಪಿನಲ್ಲಿ ಭಜನೆಯ ದನಿಗೆ ಹೆಜ್ಜೆ ಹಾಕುತ್ತ, ಹಿಂದಿನ ದಿನ ಏಕೆ ಅಷ್ಟು ಕುಗ್ಗಿದ್ದೆ ಎಂದು ತಾನೇ ಬೆರಗಾಗುತ್ತಾನೆ. ಆದ್ದರಿಂದ ನಡಿಗೆ ಬಿಡುವ ತೀರ್ಮಾನವನ್ನು ಸಂಜೆ ದಣಿದಾಗ ಮಾಡಬಾರದು, ಉಂಡು ನಿದ್ದೆ ಮಾಡಿ ಬೆಳಿಗ್ಗೆ ಮಾಡಬೇಕೆಂದು ನಮ್ಮ ಗುಂಪಿನ ಹಿರಿಯರು ಹೇಳುತ್ತಿದ್ದರು. ಆದರೆ ಬಿಸಿಲು ತಗಲಿ ತಲೆ ತಿರುಗಿ ಬೆವರೇ ನಿಂತುಹೋದವನಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನನ್ನು ತಕ್ಷಣ ನೆರಳಿಗೆ ಒಯ್ದು ಮೈಗೆ ನೀರು ಹಾಕುತ್ತ ಆಸ್ಪತ್ರೆಗೆ ಸೇರಿಸಬೇಕು, ಹರಕೆಯ ಹೆಸರಿನಲ್ಲಿ ನಡೆಸುವುದು ಪಾಪ.

ಇಷ್ಟು ಕಷ್ಟದ ದಾರಿಯನ್ನು ಎಪ್ಪತ್ತು ದಾಟಿದ ಅಜ್ಜಿಯರೂ ಮುಗಿಸುತ್ತಾರೆ. ಕಾಲಿನ ಬಲ ಮತ್ತು ಮಲ್ಲಯ್ಯನ ಮೇಲಿನ ಭಕ್ತಿಯ ಜೊತೆಗೆ, ದಾರಿಯುದ್ದಕ್ಕೂ ದಾಸೋಹದ ಪೆಂಡಾಲುಗಳಿರುವುದು, ಸ್ನಾನಕ್ಕೆ ಬಿಸಿನೀರು ಕಾಯಿಸಿಡುವ, ಗುರುತು ಪರಿಚಯವಿಲ್ಲದವರ ಪಾದಕ್ಕೆ ಎಣ್ಣೆ ತಿಕ್ಕುವ ಊರಿನವರಿರುವುದು ಅವರನ್ನು ಮುಟ್ಟಿಸುತ್ತದೆ. ಕಾಡಿನೊಳಗೂ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳನು ಎಂದು ತಂಗುವ ಜಾಗಗಳು ಹಿಂದಿನಿಂದಲೂ ಗೊತ್ತಾಗಿವೆ. ಕೊಂಡವೀಡಿನ ರಾಜ ಪ್ರೋಲಯ ವೇಮಾರೆಡ್ಡಿ 14ನೇ ಶತಮಾನದಲ್ಲೇ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ. ಅಮೆರಿಕದ ಅಪಲೇಚಿಯನ್ ದಾರಿಯ ಕಥೆಯೂ ಬೇರೆಯಲ್ಲ. 1921ರಲ್ಲಿ ಬೆಂಟನ್ ಮೆಕಾಯ್ ಎಂಬವರು ಸೂಚಿಸಿ 1937ರಲ್ಲಿ ಪೂರ್ಣಗೊಂಡ, 14 ರಾಜ್ಯಗಳನ್ನು ಹಾಯುವ ಸುಮಾರು 3,500 ಕಿ.ಮೀ. ಉದ್ದದ ಆ ದಾರಿಯನ್ನು ಇಂದಿಗೂ ಬಹುಪಾಲು ಕಾಯುತ್ತಿರುವವರು ಸ್ವಯಂಸೇವಕರೇ. ಮರಗಳ ಮೇಲೆ ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿ ಬಣ್ಣದ ಪಟ್ಟಿ, ಅಲ್ಲಲ್ಲಿ ಮೂರೇ ಗೋಡೆಯ ತಂಗುಮನೆ, ಹತ್ತಿರದಲ್ಲಿ ನೀರಿನ ಸೆಲೆ, ಇವುಗಳ ನೆಚ್ಚಿಕೆಯಲ್ಲೇ ಜನ ತಿಂಗಳುಗಟ್ಟಲೆ ನಡೆಯುತ್ತಾರೆ. ಹಾಗಿದ್ದೂ ಕೊನೆ ಮುಟ್ಟುವ ಹಂಬಲದಿಂದ ಹೊರಟವರಲ್ಲಿ ಹೆಚ್ಚಿನವರು ನಡುವೆಯೇ ಮರಳುತ್ತಾರೆ. ಗುರುತೂ ನೀರೂ ಇಲ್ಲದ ದಾರಿಯಲ್ಲಿ ಹೊಸಬರ ಪಾಡೇನು?

ನಮ್ಮ ಜಿಲ್ಲೆಯಲ್ಲಿ ಅಂಥದೊಂದು ಕಾಲುದಾರಿಯನ್ನು ಗುರುತಿಸಲು ಬೇಕಾದದ್ದೆಲ್ಲ ಇದೆ. ಹಿರೇಬೆಣಕಲ್ಲಿನಿಂದ ಹೊರಟು ವಾಣಿಭದ್ರೇಶ್ವರ ಬೆಟ್ಟದ ಆಸರೆಯಲ್ಲಿ ಸಾಗಿ, ಪಂಪಾಸರೋವರ, ಅಂಜನಾದ್ರಿಗಳ ಬಳಿ ಹಾದು ಆನೆಗೊಂದಿಯ ತುಂಗಭದ್ರೆಯ ದಂಡೆಗೆ ಇಳಿದರೆ ಮೂರು ಸಾವಿರ ವರ್ಷಗಳಷ್ಟು ಹಳೆಯ ಸಮಾಧಿಗಳಿಂದ ವಿಜಯನಗರದ ಕೋಟೆಯವರೆಗಿನ ಚರಿತ್ರೆ ಎರಡು ದಿನದ ನಡಿಗೆಯಲ್ಲಿ ಕಣ್ಣಮುಂದೆ ಬರುತ್ತದೆ. ಬಳ್ಳಾರಿಯವರು ಸಂಡೂರಿನ ಬೆಟ್ಟಸಾಲಿನ ಬಗ್ಗೆಯೂ ಹೀಗೆಯೇ ಯೋಚಿಸಬಹುದು. ಹೊಸ ದಾರಿ ಕಡಿಯುವ ಅಗತ್ಯವಿಲ್ಲ. ಕುರಿಗಾಹಿಗಳು ಓಡಾಡಿದ ದಾರಿಗಳೇ ಇವೆ. ಮಳೆ ಬೆಳೆ ನೋಡಿಕೊಂಡು ಹಿಂಡಿನೊಂದಿಗೆ ಜಿಲ್ಲೆಯಿಂದ ಜಿಲ್ಲೆಗೆ ನಡೆಯುತ್ತ, ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ತರುಬಿಸುತ್ತ ಬದುಕುವ ಆ ಜನರಿಗಿಂತ ದೂರ ನಡೆದವರು ನಮ್ಮಲ್ಲಿ ಯಾರಿದ್ದಾರೆ? ನೀರು ಯಾವ ದೊಣೆಯಲ್ಲಿ ಯಾವ ತಿಂಗಳವರೆಗೆ ನಿಲ್ಲುತ್ತದೆ, ಕರಡಿ ಯಾವ ಕಡೆ ಹೆಚ್ಚು ಎಂಬುದು ಅವರಿಗೆ ಗೊತ್ತು. ದಾರಿ ತೋರುವ ಕೆಲಸಕ್ಕೆ ಅವರ ಮನೆಯ ಮಕ್ಕಳನ್ನೇ ತರಬೇತಿ ಕೊಟ್ಟು, ಸರಿಯಾದ ಕೂಲಿಗೆ ನೇಮಿಸಿಕೊಳ್ಳಬೇಕು.

ಜಿಲ್ಲಾಡಳಿತ, ಅರಣ್ಯ ಮತ್ತು ಪುರಾತತ್ವ ಇಲಾಖೆಗಳು ಕೂಡಿ ಕುಳಿತು ಇದನ್ನು ನಿರ್ಧರಿಸಬೇಕೆಂದು ಕೋರುತ್ತೇನೆ. ಗುಡ್ಡದ ಮೇಲಕ್ಕೆ ವಾಹನದ ರಸ್ತೆ ಬೇಡ. ನಿಧಿಯಾಸೆಯಿಂದ ಸಮಾಧಿಯ ಚಪ್ಪಡಿ ಕೀಳುವವರಿಗೆ ಅದರಿಂದ ಅನುಕೂಲವಾದೀತು. ಸಮಾಧಿಗಳ ಆಸುಪಾಸಿನ ಬಂಡೆಗಳಿಗೆ ಬಣ್ಣ ತಾಗಬಾರದು, ಅಲ್ಲಿ ನೆಟ್ಟ ಸಣ್ಣ ಕಲ್ಲುಗಳೇ ಸಾಕು. ತಪ್ಪಲಿನ ಊರುಗಳಲ್ಲಿ ಕುಡಿಯುವ ನೀರು, ಹತ್ತುವವರ ಹೆಸರು ಬರೆದಿಟ್ಟು ಸಂಜೆ ಮರಳಿದರೇ ಎಂದು ನೋಡುವ ಒಂದು ಪುಸ್ತಕ, ಮಾರ್ಚಿನಿಂದ ಮಳೆ ಬೀಳುವವರೆಗೆ ಹಗಲಿನ ಹತ್ತು ಗಂಟೆಯ ನಂತರ ಬಂಡೆಗಳ ಮೇಲೆ ನಡೆಯದಂತೆ ಎಚ್ಚರಿಕೆಯ ಫಲಕ, ಇಷ್ಟಾದರೆ ಆರಂಭಕ್ಕೆ ಸಾಕು. ಮುಂದಿನ ಚಳಿಗಾಲದೊಳಗೆ ಅನುಮತಿ ಸಿಕ್ಕರೆ ಗುರುತಿನ ಕಲ್ಲು ಹೊತ್ತು ಗುಡ್ಡ ಹತ್ತಲು ಶ್ರೀಶೈಲದ ದಾರಿಯಲ್ಲಿ ಜೊತೆಯಾದ ನಾವು ಎಂಟು ಜನ ಸಿದ್ಧರಿದ್ದೇವೆ.

ಇಂತಿ ತಮ್ಮ ಓದುಗ,
ನಿವೃತ್ತ ಶಾಲಾ ಶಿಕ್ಷಕ, ಗಂಗಾವತಿ, ಕೊಪ್ಪಳ ಜಿಲ್ಲೆ