ಎಕ್ಸ್‌ಎಂಎಲ್: ಹೆಸರು ಹೋಲಿಸುವಾಗ ಎಡವುವುದೆಲ್ಲಿ?

ಮಾನ್ಯ ಸಂಪಾದಕರೇ,

ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರಿರುವ ಟ್ಯಾಗ್‌ಗಳ ನಡುವೆ ಬರೆದಿಡುವ ಪಠ್ಯ ರೂಪ) ಕಡತ ಓದುವ ಕೋಡ್‌ನಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ: ಎಲಿಮೆಂಟ್‌ನ (ಟ್ಯಾಗ್‌ಗಳ ನಡುವಿನ ಒಂದು ಘಟಕ) ಹೆಸರನ್ನು ‘ಎ:ಪುಸ್ತಕ’ ಎಂದು ಇಡಿಯಾಗಿ ಹೋಲಿಸುವುದು. ಕೋಲನ್‌ನ ಎಡಕ್ಕಿರುವ ‘ಎ’ ನೇಮ್‌ಸ್ಪೇಸ್ ವಿಳಾಸಕ್ಕೆ, ಅಂದರೆ ಹೆಸರು ಯಾವ ಗುಂಪಿನದೆಂದು ಹೇಳುವ ಗುರುತಿಗೆ, ಇಟ್ಟ ಬರೀ ಅಡ್ಡಹೆಸರು. ಕಳುಹಿಸುವವರು ನಾಳೆ ಅದನ್ನು ‘ಬಿ’ ಮಾಡಿದರೆ ಕಡತದ ಅರ್ಥ ಬದಲಾಗದು. ಆದರೆ ನಮ್ಮ ಕೋಡ್ ಯಾವ ದೋಷವನ್ನೂ ತೋರಿಸದೆ ಆ ದಾಖಲೆಯನ್ನೇ ಬಿಟ್ಟು ಮುಂದೆ ಹೋಗುತ್ತದೆ. 1999ರ ನೇಮ್‌ಸ್ಪೇಸ್ ನಿಯಮದಂತೆ ಹೋಲಿಸಬೇಕಾದದ್ದು ನೇಮ್‌ಸ್ಪೇಸ್ ವಿಳಾಸ ಮತ್ತು ಕೋಲನ್‌ನ ಬಲಕ್ಕಿರುವ ಹೆಸರು, ಎರಡನ್ನೂ. ವಿಳಾಸದ ಕೊನೆಗೆ ಒಂದು ಓರೆಗೆರೆ ಹೆಚ್ಚಿದ್ದರೂ ಅದು ಬೇರೆಯೇ.

ಈ ಹೆಸರುಗಳನ್ನು ಜಾವಾ ಭಾಷೆಯಲ್ಲಿ ಹೋಲಿಸುವಾಗಲೂ ಎಚ್ಚರ ಬೇಕು. ಅಲ್ಲಿ ‘==’ ಹೋಲಿಸುವುದು ಪಠ್ಯವನ್ನಲ್ಲ, ಎರಡೂ ಕಡೆ ಇರುವುದು ಮೆಮೊರಿಯಲ್ಲಿನ ಒಂದೇ ಆಬ್ಜೆಕ್ಟ್ ಹೌದೇ ಎಂಬುದನ್ನು. ಪರೀಕ್ಷೆಯಲ್ಲಿ ಕೆಲವೊಮ್ಮೆ ಸರಿ ಉತ್ತರವನ್ನೇ ಕೊಡುವುದರಿಂದ ಇದು ಇನ್ನೂ ಅಪಾಯಕಾರಿ, ಪಠ್ಯವನ್ನೇ ಹೋಲಿಸುವ ‘ಈಕ್ವಲ್ಸ್’ ಬಳಸಲೇಬೇಕು. ಎಕ್ಸ್‌ಎಂಎಲ್ ಓದುವ ಸಾಧನವನ್ನು ಸಿದ್ಧಪಡಿಸುವ ಅಲ್ಲಿನ ಡಾಕ್ಯುಮೆಂಟ್ ಬಿಲ್ಡರ್ ಫ್ಯಾಕ್ಟರಿಯಲ್ಲಿ ನೇಮ್‌ಸ್ಪೇಸ್ ಗುರುತಿಸುವ ಸೌಲಭ್ಯ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಆನ್ ಮಾಡದಿದ್ದರೆ ಕೋಲನ್‌ನ ಬಲಕ್ಕಿರುವ ಹೆಸರನ್ನು ಕೇಳುವ ‘ಗೆಟ್ ಲೋಕಲ್ ನೇಮ್’ ಕೊಡುವುದು ನಲ್ (ಏನೂ ಇಲ್ಲ) ಮಾತ್ರ. ಇಂಗ್ಲಿಷ್ ಹೆಸರುಗಳನ್ನು ಚಿಕ್ಕಕ್ಷರಕ್ಕೆ ಇಳಿಸಿ ಹೋಲಿಸುವುದೂ ತಪ್ಪೇ, ಎಕ್ಸ್‌ಎಂಎಲ್ ದೊಡ್ಡ-ಚಿಕ್ಕ ಅಕ್ಷರಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ.

ಕನ್ನಡದಲ್ಲೇ ಹೆಸರಿಡುವವರು ಇನ್ನೊಂದನ್ನು ಗಮನಿಸಬೇಕು. ‘ಕೊಠಡಿ’ಯ ಒ-ಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಡತ ಓದುವ ಪಾರ್ಸರ್‌ಗೆ ಎರಡು ಬೇರೆ ಹೆಸರು. ತೆರೆಯುವ ಟ್ಯಾಗ್ ಒಂದು ಬಗೆ, ಮುಚ್ಚುವುದು ಇನ್ನೊಂದು ಬಗೆ ಆದರೆ ಕಡತವೇ ತಿರಸ್ಕೃತ. ಆದ್ದರಿಂದ ಕಡತ ಬರೆಯುವ ಹಂತದಲ್ಲೇ ಹೆಸರುಗಳನ್ನು ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ, ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಬೇಕು.

– ಓದುಗ